ಸುಗುಣೆಯ ಪಡಿಚೀಟಿ

ತಿತಿಮತಿ ದಾಟಿ, ತೇಗದ ಸಾಲು ಮುಗಿದು
ರಸ್ತೆ ಬರೀ ಜಲ್ಲಿಯಾಗುವಲ್ಲಿ
ಆನೆ ಶಿಬಿರದ ಕಚೇರಿ. ಶೀಟಿನ ಸೂರು, ಒಂದು ಮೇಜು,
ಮೇಜಿನ ಮೇಲೆ ಹೊಸ ಕಂಪ್ಯೂಟರು,
ಧೂಳಿಗೆಂದು ಟವೆಲು ಹೊದ್ದು.

"ಹಳೇದು ಸಿಡಿಲಿಗೆ ಹೋಯ್ತು, ಜುಬೈದಾ ಮೇಡಂ.
ಪ್ರೋಗ್ರಾಂ ಮಾತ್ರ ಉಳಿಸಿಕೊಂಡು
ಫೋಲ್ಡರ್ ಸಮೇತ ಇದಕ್ಕೆ ತಂದ್ವಿ,"
ಫಾರೆಸ್ಟರ್ ಪಳಂಗಪ್ಪ ಹೇಳಿದರು,
ಬೇರು ಕತ್ತರಿಸಿ ಗಿಡ ತಂದವರ ಹೆಮ್ಮೆಯಲ್ಲಿ.

ಪರದೆಯ ಮೇಲೆ ಪುಟ್ಟ ಆನೆಯ ಚಿತ್ರ.
ಒತ್ತಿದೆ. ತಿರುಗಿತು, ತಿರುಗಿತು, ನಿಂತಿತು:
ಡೇಟಾಬೇಸ್ ಎಂಜಿನ್ ಸಿಗಲಿಲ್ಲ.
ಚೀಟಿ ಮುದ್ರಣವಾಗದೆ ಉಗ್ರಾಣದ ಬೀಗ ತೆಗೆಯುವಂತಿಲ್ಲ.
ರಾಗಿ, ಹುರುಳಿ, ಬೆಲ್ಲ, ಉಪ್ಪು
ಎಲ್ಲ ಬೀಗದ ಆಚೆ.

"ಏನಂತೆ?" ಬಾಗಿಲಲ್ಲಿ ಮಾವುತ ಬೊಳ್ಳ.
ಅವನ ಹಿಂದೆ, ಬಾಗಿಲಿನಷ್ಟೂ ಬೆಳಕು ನುಂಗಿ, ಸುಗುಣೆ.

ವಿವರಿಸಿದೆ. ಪ್ರೋಗ್ರಾಂ ಇದೆ, ಲೆಕ್ಕದ ಕಡತವೂ ಇದೆ,
ನಡುವೆ ನಿಂತು ಇದರ ಮಾತು ಅದಕ್ಕೆ,
ಅದರ ಮಾತು ಇದಕ್ಕೆ ಮುಟ್ಟಿಸುವ ಫೈಲುಗಳಿಲ್ಲ.
ತೆರೆದು ನೋಡುವಂಥವಲ್ಲ ಅವು,
ಇದ್ದಾಗ ಇವೆ ಅಂತ ಯಾರಿಗೂ ಗೊತ್ತಾಗುವುದಿಲ್ಲ...

ಬೊಳ್ಳ ಹೊರಗೆ ಹೋಗಿ ಎಲೆಯಡಿಕೆ ಉಗಿದು ಬಂದ.
"ಅಂದ್ರೆ, ಕಾವಾಡಿ ರಜೆ."

ಹತ್ತು ವರ್ಷ ಗೋಣಿಕೊಪ್ಪದಲ್ಲಿ ಅಂಗಡಿ ನಡೆಸಿ
ಒಬ್ಬ ಗಿರಾಕಿಗೂ ಇಷ್ಟು ಚಿಕ್ಕದಾಗಿ ಹೇಳಿದವಳಲ್ಲ ನಾನು.
ಅವನ ಕಾವಾಡಿ ಚೆಲುವನಿಗೆ ನಿಜವಾಗಿಯೂ ಜ್ವರವಂತೆ,
ಮೂರು ದಿನದಿಂದ ಸುಗುಣೆ
ಯಾರಿಗೂ ಮೈ ತೊಳೆಯಲು ಕೊಟ್ಟಿಲ್ಲ.

ನನ್ನ ಪೆನ್ ಡ್ರೈವಿನಲ್ಲಿದ್ದದ್ದು ಅರವತ್ತನಾಲ್ಕರದು,
ಅರವತ್ತನಾಲ್ಕು ವಿದ್ಯೆ ಕಲಿತು ಬಂದ ಅಳಿಯ.
ಪ್ರೋಗ್ರಾಮೋ ಮೂವತ್ತೆರಡೇ ಹಲ್ಲಿನ ಹಳೇ ಮಾವ.
ಎದುರುಬದುರು ಕೂರಿಸಿದರೆ
ಮುಖ ಕೊಟ್ಟು ಮಾತಾಡಲಿಲ್ಲ.
ಹಾಕಿದೆ, ತೆಗೆದೆ, ಬೈದು ಮತ್ತೆ ಹಾಕಿದೆ.
ಮೂವತ್ತೆರಡರದ್ದೇ ಬೇಕು. ಇಳಿಸಿಕೊಳ್ಳಬೇಕು.
ಸಿಗ್ನಲ್ ಇರುವುದು ಕೆರೆ ಏರಿಯಲ್ಲಿ,
ಅದೂ ಒಂದೇ ಗೆರೆ.

ಗಂಟೆ ನಾಲ್ಕೂವರೆ. ಏರಿಯಲ್ಲಿ ಒಂಟಿ ಸಲಗ
ದಿನವೂ ನೀರಿಗಿಳಿಯುವ ಹೊತ್ತು.
"ನಡ್ಕೊಂಡು ಬೇಡ," ಅಂದರು ಪಳಂಗಪ್ಪ.
ಬೊಳ್ಳ ಕೈ ಚಾಚಿದ.
ಲಿಂಕ್ ತೆರೆದಿಟ್ಟು, ಎಲ್ಲಿ ಒತ್ತಬೇಕೆಂದು ತೋರಿಸಿ
ಫೋನು ಕೊಟ್ಟೆ. ಸೊಂಟಕ್ಕೆ ಸಿಕ್ಕಿಸಿಕೊಂಡ.

ಹೀಗೆ ತನ್ನ ಪಡಿಯ ಚೀಟಿಗೆ ಬೇಕಾದ ಫೈಲು ತರಲು
ಸುಗುಣೆ ತಾನೇ ಹೊರಟಳು,
ದಾರಿಯ ಬಿದಿರನ್ನು ಮುರಿದು ಮೆಲ್ಲುತ್ತ.

ಅಡಿಗೆಮನೆಯಲ್ಲಿ ಪೊನ್ನಿ
ನಿನ್ನೆ ಮಿಕ್ಕ ಹಿಟ್ಟನ್ನು ಹಂಡೆಗೆ ಸುರಿಯುತ್ತಿದ್ದಳು.
ಗೋಡೆಯ ಮೇಲೆ ಇದ್ದಿಲ ಗೀಟುಗಳು, ಐದೈದರ ಕಟ್ಟು.
"ನಿಮ್ದು ಎದ್ಮೇಲೆ ಇದ್ನ ನೋಡಿ ಬರ್ಕೊಳ್ಳಿ."

ಕತ್ತಲಾಗುವ ಮೊದಲು ಬಂದರು.
"ಅರ್ಧಕ್ಕೆ ನಿಂತ್ಬಿಡ್ತು. ಇವಳ ತಲೆ ಮೇಲೆ ನಿಂತು
ಎತ್ತಿ ಹಿಡ್ದೆ. ಕೈ ಬಿದ್ದೋಯ್ತು," ಅಂದ ಬೊಳ್ಳ.
ಇಪ್ಪತ್ತಾರು ಎಂಬಿ. ಫೋನಿನ ಗಾಜಿನ ಮೇಲೆ
ಕೆಮ್ಮಣ್ಣು.

ಅಳಿಯನನ್ನು ಪೂರ್ತಿ ಕಳಿಸಿದೆ. ಯಂತ್ರ ಆರಿಸಿ ಎಬ್ಬಿಸಿದೆ.
ಹಸಿರು ಪಟ್ಟಿ ತೆವಳಿತು, ತೊಂಬತ್ತೊಂಬತ್ತರಲ್ಲಿ
ಉಸಿರು ಹಿಡಿದು, ಮುಗಿಯಿತು.
ಬಂದದ್ದು ಎಲ್ಲಿ ಕೂತಿತೋ ಕಾಣಲಿಲ್ಲ.
ಆನೆಯ ಚಿತ್ರ ಒತ್ತಿದರೆ ಆನೆಗಳೆಲ್ಲ ಸಾಲಾಗಿ ಎದ್ದವು.

ಬೊಳ್ಳ ಬಗ್ಗಿ ಪರದೆ ನೋಡಿದ.
ಆನೆ, ವಯಸ್ಸು, ತೂಕ, ಮಾವುತ, ರಾಗಿ, ಬೆಲ್ಲ.
"ಚೆಲುವ ಎಲ್ಲಿ?"

ನಸುಕಿಗೂ ಮುಂಚೆ ಎದ್ದು,
ಇಬ್ಬನಿಯಲ್ಲಿ ಸರಪಳಿ ಎಳೆದ ಗೆರೆ ಹಿಡಿದು
ಕಾಡಿನೊಳಗಿಂದ ಸುಗುಣೆಯನ್ನು
ಕರೆದು ತರುವವನಿಗೆ ಕಾಲಂ ಇರಲಿಲ್ಲ.
ಕೊನೆಯಲ್ಲಿ ಷರಾ ಅಂತ ಒಂದಿತ್ತು, ಖಾಲಿ.
ಅಲ್ಲಿ ಟೈಪು ಮಾಡಿದೆ: ಕಾವಾಡಿ, ಚೆಲುವ.

ಷರಾ ಮುದ್ರಣದಲ್ಲಿ ಬರುವುದಿಲ್ಲ.
ನನಗದು ಗೊತ್ತಿತ್ತು, ಹೇಳಲಿಲ್ಲ.
ಪ್ರಿಂಟರು ಕೆಮ್ಮಿ ಚೀಟಿ ಹೊರಹಾಕಿತು.
ಬೊಳ್ಳ ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿ,
ಚೀಟಿ ತಿರುವಿ
ಹಿಂದುಗಡೆ ನೋಡಿದ.